ಶನಿವಾರದ ಭಾಟಾರಾಣಿ

ಹೌರಾ
೧೪ ಜನವರಿ ೨೦೨೫

ಪ್ರೀತಿಯ ಇಂದಿರಮ್ಮ,

ಹುಬ್ಬಳ್ಳಿಯಲ್ಲಿ ನೀನೂ ಮೊಮ್ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ಬಂದ ನಿನ್ನ ಪತ್ರಕ್ಕೆ ಸಂಕ್ರಾಂತಿಗೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಪೆನ್ನು ಹಿಡಿದಾಗಲೆಲ್ಲ ಮನಸ್ಸಿಗೆ ಒಂದೇ ಮಾತು ಬರುತ್ತಿತ್ತು, ಅದನ್ನು ಬರೆಯಲು ನಾಚಿಕೆಯಾಗುತ್ತಿತ್ತು. ಈಗ ನಗುತ್ತ ಬರೆಯಬಹುದು.

ನನಗೆ ಇವರ ಮೇಲೆ ಸಂಶಯ ಬಂದಿತ್ತು ಕಣೆ. ರೈಲ್ವೆಯಿಂದ ನಿವೃತ್ತರಾದ, ಮಂಡಿನೋವಿನ ನನ್ನ ಬಸವಲಿಂಗಪ್ಪನವರ ಮೇಲೆ! ಆಗೊಂದು ಈಗೊಂದು ಶನಿವಾರ ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿ, “ಹಳೇ ದೋಸ್ತರು ಸೇರತೀವಿ” ಎಂದು ಫೆರಿ ಹತ್ತಿ ಹೊಳೆ ದಾಟುತ್ತಿದ್ದರು. ಕಪಾಟಿನ ಒಂದು ಖಾನೆಗೆ ಬೀಗ. ಒಂದು ದಿನ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು: “ಈ ಸಲ ಅಕಿ ಕೆಂಪು ಸೀರೀಯೊಳಗ ಬರತಾಳಂತ? ಪಾರ್ಕ್ ಸ್ಟ್ರೀಟಿನ ಆ ಕಾಫಿ ಅಂಗಡಿ ಮ್ಯಾಲೇ ಹೌದಲ್ಲ?”

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಮೊನ್ನೆ ಶನಿವಾರ ಇವರು ಹೋದ ಮೇಲೆ ಮುಂದಿನ ಫೆರಿಯಲ್ಲಿ ನಾನೂ ಹೊರಟೆ.

ಪಾರ್ಕ್ ಸ್ಟ್ರೀಟಿನಲ್ಲಿ ಒಂದೊಂದೇ ಕಾಫಿ ಅಂಗಡಿ ನೋಡುತ್ತ ಹೋದೆ. ಒಂದರ ಮೆಟ್ಟಿಲ ತುಂಬ ಹುಡುಗ ಹುಡುಗಿಯರ ಸಾಲು. ನಡುವೆ ಇವರ ಬೋಳುತಲೆ. ಗೋಡೆಯ ಮೇಲೆ ದೊಡ್ಡದೊಂದು ಚಿತ್ರ: ಕೆಂಪು ಸೀರೆ, ಮೈಯೆಲ್ಲ ಕೆಸರು, ನೀರು ತೊಟ್ಟಿಕ್ಕುವ ಕೂದಲು, ಪಾಪೆಯಿಲ್ಲದ ಕಣ್ಣು. ಪಕ್ಕದ ಹುಡುಗಿಯನ್ನು ನನ್ನ ಹರಕು ಬಂಗಾಳಿಯಲ್ಲಿ ಏನೋ ಕೇಳಿದೆ. “ಆಂಟಿ, ಕನ್ನಡದವ್ರಾ?” ಎಂದು ನಕ್ಕಳು. ನಮ್ರತಾ ಅಂತೆ, ಬೆಂಗಳೂರಿನವಳು, ಇಲ್ಲಿ ಐಟಿ ಕೆಲಸ. ಇವರು ಫೋನಿನಲ್ಲಿ ಮಾತಾಡಿದ್ದು ಇವಳ ಜೊತೆಗೇ ಎಂದು ಆಮೇಲೆ ತಿಳಿಯಿತು!

“ಯಾರವ್ವಾ ಅಕಿ?” ಎಂದೆ, ಚಿತ್ರ ತೋರಿಸಿ.

“ಭಾಟಾರಾಣಿ, ಆಂಟಿ. ಕಾಮಿಕ್ಸ್. ಭಾಟಾ ಅಂದ್ರೆ ಬಂಗಾಳಿಯಲ್ಲಿ ನೀರಿನ ಇಳಿತ. ಹೊಳೆಯಲ್ಲಿ ಇಳಿತ ಬಂದಾಗ ಕೆಸರಿಂದ ಎದ್ದು ಬರ್ತಾಳೆ. ಮೋಸ ಮಾಡಿದವರ ಕಾಲು ಹಿಡಿದು ಎಳ್ಕೊಂಡು ಹೋಗ್ತಾಳೆ. ಒಳ್ಳೆಯವಳೇನಲ್ಲ, ಆದ್ರೆ ಅವಳು ಬಂದ್ರೆ ನಮಗೇನೋ ಧೈರ್ಯ.”

ಬರೆಯುವಾಕೆ ತಾನೇ ಬರೆದು, ಮನೆಯಲ್ಲೇ ಅಚ್ಚುಹಾಕಿ, ಕೆಲವೇ ಪ್ರತಿ ತರುತ್ತಾಳಂತೆ. ಮುಗಿದರೆ ಮುಗಿಯಿತು, ಮತ್ತೆ ಅಚ್ಚಿಲ್ಲ. ಅದಕ್ಕೇ ಈ ನೂಕುನುಗ್ಗಲು. “ಆ ಅಂಕಲ್ ಹತ್ರ ಮೊದಲನೇ ಸಂಚಿಕೆ ಇದೆ. ನಮಗೆಲ್ಲ ಹೊಟ್ಟೆಕಿಚ್ಚು!” ಎಂದು ಇವರ ಬೋಳುತಲೆ ತೋರಿಸಿದಳು.

ಅಷ್ಟರಲ್ಲಿ ಇವರು ತಿರುಗಿ ನೋಡಿದರು. ಮಾವಿನಕಾಯಿ ಕದ್ದು ಸಿಕ್ಕಿಬಿದ್ದವರ ಮುಖ.

“ನೀ ಯಾಕ ಬಂದಿ?”

“ನಿಮ್ಮ ಅಕಿನ್ನ ನೋಡಾಕ.”

ನಮ್ರತಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ನಗುತ್ತ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೂಬಿಟ್ಟೆ. ಇವರು ಗಾಬರಿಯಾಗಿ ಕಾಫಿ ತಂದುಕೊಟ್ಟರು, ಸಾಲಿನಲ್ಲಿ ತಮ್ಮ ಜಾಗ ಬಿಟ್ಟು!

ಮರಳುವಾಗ ಫೆರಿಯಲ್ಲಿ, “ಈ ವಯಸ್ಸಿನಾಗ ದೆವ್ವದ ಪುಸ್ತಕ ಯಾಕ್ರಿ?” ಎಂದು ಕೇಳಿದೆ. “ಎಲ್ಲಾ ದೇವರೂ ಸಮಾಧಾನ ಮಾಡ್ಕೋ ಅಂತಾರ, ಗೌರಿ. ಅಕಿ ಒಬ್ಬಾಕಿ ಹಂಗ ಅನ್ನೂದಿಲ್ಲ,” ಎಂದರು.

ಈಗ ಖಾನೆಗೆ ಬೀಗವಿಲ್ಲ. ಇಬ್ಬರೂ ಕನ್ನಡಕ ಹಾಕಿಕೊಂಡು ಓದುತ್ತೇವೆ. ಬಂಗಾಳಿ ಅಕ್ಷರ ಇವರು ಓದಿ ಹೇಳುತ್ತಾರೆ, ನಾನು ಚಿತ್ರ ನೋಡುತ್ತೇನೆ. ಪುಟಕ್ಕೆ ಬೆರಳು ತಾಗಿದರೆ ಸಾಕು, “ಅಂಚು ಹಿಡಿ, ಅಂಚು!” ಎಂದು ಗದರುತ್ತಾರೆ. ಗದರಲಿ ಬಿಡು. ಗಂಡ ಮನೆಯಲ್ಲೇ ಇದ್ದಾನಲ್ಲ.

ಪಕ್ಕದ ಮನೆಯವರು ಹಬ್ಬಕ್ಕೆ ಪಿಠೆ, ಅದೇ ಇಲ್ಲಿಯ ಅಕ್ಕಿಹಿಟ್ಟಿನ ಸಿಹಿಕಡುಬು, ಕೊಟ್ಟುಹೋದರು, ನನಗೆ ನಿನ್ನ ಕೈಯ ಎಳ್ಳುಹೋಳಿಗೆ ನೆನಪಾಯಿತು. ನಿನ್ನ ಮನೆ ಸದಾ ಗಲಗಲ ಎನ್ನುತ್ತಿರಲಿ. ಮೊಮ್ಮಕ್ಕಳಿಗೆ ನೂರು ವರ್ಷ ಆಯುಷ್ಯವಿರಲಿ.

ನಿನ್ನ
ಗೌರಿ

ಮತ್ತೊಂದು ಮಾತು, ನಿನಗೆ ಮಾತ್ರ. ನಿನ್ನೆ ಆ ಮೊದಲನೇ ಸಂಚಿಕೆ ಓದಿದೆವು. ಭಾಟಾರಾಣಿ ಹೊಳೆಯ ತಳದಲ್ಲಿ, ಹುಟ್ಟುತ್ತಲೇ ತೀರಿಹೋದ ಕೂಸುಗಳನ್ನು ಸಾಕುತ್ತಾಳೆ. ದಡಕ್ಕೆ ಬಂದು ತಂದೆತಾಯಿಯರನ್ನು ಅವುಗಳ ಹೆಸರು ಕೇಳುತ್ತಾಳೆ. ಖರಗಪುರದಲ್ಲಿದ್ದಾಗ ನಮ್ಮ ಕೂಸು ಹೋದದ್ದು ನಿನಗೆ ಗೊತ್ತಲ್ಲ, ನೀನೇ ಬಂದು ನನ್ನ ಬಳಿ ಇದ್ದೆ. ನನಗೆ ಮುಖವನ್ನೂ ತೋರಿಸದೆ ಒಯ್ದಿದ್ದರು. ಆಮೇಲೆ ಇವರು ಒಂದು ದಿನವೂ ಆ ಮಾತೆತ್ತಲಿಲ್ಲ. ನಿನ್ನೆ ಆ ಪುಟದ ಮೇಲೆ ಕೈಯಿಟ್ಟು ಹೇಳಿದರು: “ನಾ ಕೂಸಿಗೆ ಮಾನಸ ಅಂತ ಹೆಸರಿಟ್ಟಿದ್ದೆ. ಮಣ್ಣು ಮಾಡೂಮುಂದ ಕಿವಿಯೊಳಗ ಹೇಳಿದ್ದೆ.”

ನಾನೂ ಒಂದು ಹೆಸರಿಟ್ಟಿದ್ದೆ, ಇಂದಿರಾ. ಬೇರೆ ಹೆಸರು. ಇವರಿಗೆ ಇನ್ನೂ ಹೇಳಿಲ್ಲ.