ಪಕ್ಕದ ಮನೆಯ ಹುಡುಗಿಗಾಗಿ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬೀ,

ಹೇಗಿದ್ದೀಯೆ ಕಂದಾ? ಕೆಮ್ಮು ಇಳಿಯಿತಾ? ಹೋದ ಪತ್ರದಲ್ಲಿ "ಪರವಾಗಿಲ್ಲ ಅಜ್ಜಿ" ಎಂದು ಬರೆದಿದ್ದೆ. ನಿನ್ನ "ಪರವಾಗಿಲ್ಲ" ಎಂಥದ್ದೆಂದು ನನಗೆ ಗೊತ್ತಿಲ್ಲವೇ? ಆರು ವರ್ಷದವಳಿದ್ದಾಗ ಕೈ ಮುರಿದುಕೊಂಡು ಬಂದು ಬಾಗಿಲಲ್ಲಿ ನಿಂತು ಅದನ್ನೇ ಅಂದವಳು ನೀನು. ಸಂಕೋಚ ಬಿಟ್ಟು ಅಲ್ಲಿನ ಡಾಕ್ಟರಿಗೆ ತೋರಿಸು. ಉಣ್ಣೆಯ ಬನಿಯನ್ ಕಳಿಸಿದ್ದೆನಲ್ಲ, ನಿನ್ನ ಕೈಗೆ ಕೊಟ್ಟರಾ, ಇಲ್ಲ ಗೇಟಿನಲ್ಲೇ ಇಟ್ಟುಕೊಂಡರಾ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಬೆಳಗಾದರೆ ಗೊಣಗುತ್ತದೆ, ಅದರ ಬುದ್ಧಿಯೂ ಥೇಟ್ ನನ್ನದೇ. ಅಂಗಡಿಯಲ್ಲಿ ಕೆಲಸಕ್ಕೇನೂ ಕಡಿಮೆಯಿಲ್ಲ, ಅಂಗಿ ಕೋಟುಗಳಿಗೆ ಗುಂಡಿ ತೂರಿಸುವ ಕಾಜಾ ದಿನಕ್ಕೆ ಮೂವತ್ತು ನಲವತ್ತು ಹೊಲಿಯುತ್ತೇನೆ. ಟೈಲರ್ ಮಾಸ್ತರ್ ಎಂದಿನಂತೆ, ಕಾಜಾ ಹೊಲಿಯುವ ಮಷೀನ್ ತಂದುಬಿಡುತ್ತೇನೆ ಎಂದು ಹೆದರಿಸುತ್ತಾನೆ. ಪುಣ್ಯಾತ್ಮ ಇಪ್ಪತ್ತು ವರ್ಷದಿಂದ ತರುತ್ತಲೇ ಇದ್ದಾನೆ.

ಪಕ್ಕದ ಮನೆಯವರು ಯಾರೋ ಹೋದ ತಿಂಗಳು ನಿನ್ನನ್ನು ನೋಡಲು ಜೈಲಿನ ಗೇಟಿನ ತನಕ ಬಂದಿದ್ದರಂತೆ, ಸಂಬಂಧಿಕರಲ್ಲ ಎಂದು ಒಳಗೆ ಬಿಡಲಿಲ್ಲವಂತೆ, "ಯಾರಜ್ಜೀ, ಪೋಸ್ಟ್‌ಮ್ಯಾನ್ ಮಾವನಾ?" ಎಂದು ಕೇಳಿದ್ದೀಯೆ. ಹೇಳುತ್ತೇನೆ, ತಡಿ. ಅದಕ್ಕೂ ಮೊದಲು ಬೇರೆ ಒಂದು ಮಾತು ಹೇಳಬೇಕು. ಹತ್ತು ತಿಂಗಳಿಂದ ಮುಚ್ಚಿಟ್ಟುಕೊಂಡಿರುವ ಮಾತು. ಅಕ್ಷರ ಸೊಟ್ಟಗಾದರೆ ಬೈದುಕೊಳ್ಳಬೇಡ.

ನಿನಗೆ ಶಿಕ್ಷೆಯಾದ ವಾರವೇ ಭಾನುವಾರ ಚರ್ಚಿಗೆ ಹೋದೆ. ಕೊನೆಯ ಆಶೀರ್ವಾದಕ್ಕೆ ಮೊದಲು ಒಬ್ಬೊಬ್ಬರೇ ಎದ್ದು ಯಾರಿಗಾಗಿ ಪ್ರಾರ್ಥಿಸಬೇಕೆಂದು ಹೇಳುವ ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಹೆಸರು ಹೇಳುವುದಿಲ್ಲ, ನನ್ನ ತಂಗಿ, ನನ್ನ ಅಳಿಯ, ಅಷ್ಟೇ. ನಾನೂ ಎದ್ದೆ. ಮನೆಯಿಂದ ಹೊರಡುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ: ನನ್ನ ಮೊಮ್ಮಗಳು ಬ್ರೆಡ್ ವ್ಯಾನ್ ಓಡಿಸುವಾಗ ಒಬ್ಬ ಸೈಕಲ್ಲಿನವನಿಗೆ ಗುದ್ದಿದಳು, ಹೆದರಿ ನಿಲ್ಲಿಸದೆ ಹೋದಳು, ಈಗ ಜೈಲಿನಲ್ಲಿದ್ದಾಳೆ, ಅವಳಿಗಾಗಿಯೂ ಆ ಸೈಕಲ್ಲಿನವನ ಕಾಲಿಗಾಗಿಯೂ ಪ್ರಾರ್ಥಿಸಿ. ಎದ್ದು ನಿಂತೆ ನೋಡು, ಎಲ್ಲರೂ ತಿರುಗಿ ನೋಡಿದರು. ಹಾಡಿನ ತಂಡದ ಕನ್ನಡಕದಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ನನ್ನ ಬಾಯಿಂದ ಬಂದದ್ದು, "ನಮ್ಮ ಪಕ್ಕದ ಮನೆಯ ಹುಡುಗಿ ಜೈಲಿನಲ್ಲಿದ್ದಾಳೆ, ಅವಳಿಗಾಗಿ ಪ್ರಾರ್ಥಿಸಿ." ಹೊರಗೆ ಬಂದ ಮೇಲೆ ಯಾರೋ, "ನಿಮ್ಮ ಮೊಮ್ಮಗಳೆಲ್ಲಿ, ಕಾಣ್ತಾ ಇಲ್ವಲ್ಲಾ" ಎಂದು ಕೇಳಿದರು. ದೂರದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದುಬಿಟ್ಟೆ. ಒಳ್ಳೆಯ ಹುಡುಗಿ ಎಂದು ಹೊಗಳಿದರು. ಹೊಗಳಿಕೆ ಕೇಳಿ ನನಗೆ ಸ್ವಲ್ಪ ಖುಷಿಯೂ ಆಯಿತು, ಇದನ್ನೂ ಮುಚ್ಚಿಡುವುದಿಲ್ಲ.

ಸರಿ, ಒಂದು ಸಲ ಅಂದದ್ದನ್ನು ಮುಂದಿನ ಭಾನುವಾರ ತಿದ್ದೋಣ ಅಂದುಕೊಂಡೆ. ಮುಂದಿನ ಭಾನುವಾರ ಪಾಸ್ಟರ್ ತಾವೇ, ಅಮ್ಮನ ಪಕ್ಕದ ಮನೆಯ ಹುಡುಗಿಯನ್ನು ಮರೆಯಬೇಡಿ ಎಂದರು. ಅಲ್ಲಿಂದ ವಾರವಾರವೂ ಇಡೀ ಸಭೆ ಮಂಡಿಯೂರಿ ಪಕ್ಕದ ಮನೆಯ ಹುಡುಗಿಗಾಗಿ ಬೇಡಿಕೊಳ್ಳತೊಡಗಿತು. ನಾನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದೆ, ಜನ ಅದನ್ನೇ ಭಕ್ತಿ ಅಂದುಕೊಂಡರು. ಒಂದು ದಿನ ಮನೆಯಲ್ಲಿ ಒಬ್ಬಳೇ ಮಂಚದ ಪಕ್ಕ ಮಂಡಿಯೂರಿದ್ದೇನೆ, "ಕರ್ತನೇ, ಪಕ್ಕದ ಮನೆಯ ಹುಡುಗಿಯನ್ನು..." ಎಂದು ಬಾಯಿಗೆ ಬಂದುಬಿಟ್ಟಿತು ಗುಬ್ಬೀ. ಕೋಣೆಯಲ್ಲಿ ಇದ್ದದ್ದು ನಾನು ಮತ್ತು ದೇವರು, ಅವನ ಹತ್ತಿರವೂ ನಿನ್ನನ್ನು ಪಕ್ಕದ ಮನೆಗೆ ಅಟ್ಟಿದೆ. ಆಮೇಲೆ ಮನೆಯಲ್ಲಿ ಪ್ರಾರ್ಥಿಸುವುದನ್ನೇ ಬಿಟ್ಟೆ. ಕಷ್ಟ ಬಂದಾಗ ದೇವರಲ್ಲಿಗೆ ಓಡಿಹೋಗು ಎಂದು ನಿನಗೆ ಹೇಳಿಕೊಟ್ಟವಳೇ ನಾನು, ದೇವರ ಕಣ್ಣು ತಪ್ಪಿಸಿ ದೇವರ ಮನೆಯಲ್ಲೇ ಅಡಗಿಕೊಂಡಿದ್ದೆ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಸಾಯುವ ತನಕ ಹಾಗೇ ಇರುತ್ತಿದ್ದೆನೇನೋ. ಆದರೆ ನಮ್ಮ ಪಕ್ಕದಲ್ಲಿ ಮನೆ ಇರುವುದೇ ಒಂದು, ಅದು ಪೋಸ್ಟ್‌ಮ್ಯಾನ್ ಮಾವನದು, ಅವನಿಗೆ ಮಗಳಿರುವುದೂ ಒಬ್ಬಳೇ. ಅವಳು ಬೇರೆ ಊರಿಗೆ ಟೀಚರ್ ಓದಿಗೆ ಹೋಗಿದ್ದಾಳೆ ಎಂದು ನಮ್ಮ ಚರ್ಚಿನವರಿಗೆ ಹೇಗೆ ಗೊತ್ತಿರಬೇಕು? ಅವನು ಚರ್ಚಿನ ಕಡೆ ತಲೆ ಹಾಕಿ ಮಲಗುವವನೂ ಅಲ್ಲ. ಕನ್ನಡಕದಮ್ಮ ಮೂರು ಹೆಂಗಸರನ್ನು ಕಟ್ಟಿಕೊಂಡು, ಬಿಸಿ ಸೂಪಿನ ಪಾತ್ರೆ ಹಿಡಿದುಕೊಂಡು ಅವನ ಮನೆಗೆ ಸಾಂತ್ವನ ಹೇಳಲು ಹೋದಳಂತೆ. ನಿನ್ನ ಪತ್ರಗಳ ಮೇಲಿನ ಜೈಲಿನ ಮುದ್ರೆಯನ್ನು ಮೊದಲು ನೋಡುವವನು ಅವನೇ ತಾನೇ? ಡಬ್ಬಿಗೆ ಹಾಕಿದರೆ ಯಾರಾದರೂ ನೋಡಿಯಾರು ಎಂದು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುವವನು. ಹೆಂಗಸರು ಬಾಯಿ ತೆರೆದ ಕೂಡಲೇ ಅವನಿಗೆ ಎಲ್ಲ ಅರ್ಥವಾಗಿದೆ. ಒಂದು ಮಾತು ಅಂದಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅವನು ಸೂಪು ಕುಡಿದು, ಪಾತ್ರೆ ತೊಳೆದುಕೊಟ್ಟು, ದೊಡ್ಡ ಉಪಕಾರವಾಯಿತು ಎಂದು ಕೈಮುಗಿದನಂತೆ. ಅವರು ಅವನ ತಾಳ್ಮೆಯನ್ನು ನನ್ನ ಮುಂದೆಯೇ ಹೊಗಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ಗುರುವಾರ ಅವನ ಮಗಳು ನನ್ನ ಬಾಗಿಲಿಗೆ ಬಂದಳು. ಓದು ಮುಗಿಸಿ ಬಂದಿದ್ದಾಳೆ. ಚರ್ಚಿನ ಶಿಶುವಿಹಾರದಲ್ಲಿ ಟೀಚರ್ ಬೇಕೆಂದು ಬೋರ್ಡು ಹಾಕಿದ್ದರು, ಅಲ್ಲಿಗೆ ಅರ್ಜಿ ಹಾಕಿದ್ದಾಳೆ ಪಾಪ. ಸಮಿತಿಯವರು ತುಂಬ ಪ್ರೀತಿಯಿಂದ ಕೂರಿಸಿ, "ಈಗಷ್ಟೇ ಹೊರಗೆ ಬಂದಿದ್ದೀಯಮ್ಮಾ, ಸ್ವಲ್ಪ ದಿನ ಹೋಗಲಿ, ಮಕ್ಕಳ ವಿಷಯ ನೋಡು" ಎಂದರಂತೆ. ಅವಳಿಗಾಗಿ ಪ್ರಾರ್ಥನೆ ಕೇಳಿಕೊಂಡವಳು ನಾನೇ ಎಂದೂ ಹೇಳಿದರಂತೆ. ಅಪ್ಪನನ್ನು ಕೇಳಿದರೆ "ಸುಮ್ನಿರು" ಅಂದನಂತೆ. ನನ್ನೆದುರು ನಿಂತು ಆ ಹುಡುಗಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಜ್ಜೀ, ನಾನ್ ಯಾವಾಗ ಜೈಲಿಗೆ ಹೋಗಿದ್ದೆ?" ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಹೇಳುತ್ತೇನಮ್ಮಾ, ಭಾನುವಾರ ಎಲ್ಲರ ಮುಂದೆ ಹೇಳುತ್ತೇನೆ ಎಂದು ಮಾತ್ರ ಅಂದೆ. ಮಾರನೆಯ ದಿನ ಅಂಗಡಿಯಲ್ಲಿ ಗಂಡಸರ ಕೋಟಿಗೆ ಬಲಗಡೆ ಕಾಜಾ ಕತ್ತರಿಸಿಟ್ಟೆ. ಎಡಗಡೆ ಬರಬೇಕು ಎಂದು ನಿನಗೇ ಗೊತ್ತು. ಗುಂಡಿಯಾದರೆ ಬಿಚ್ಚಿ ಇನ್ನೊಂದು ಕಡೆ ಹಚ್ಚಬಹುದು, ಕತ್ತರಿಸಿದ ತೂತನ್ನು ಏನು ಮಾಡುವುದು? ಮಾಸ್ತರ್ ನನ್ನ ಮುಖ ನೋಡಿ, ಬೈಯದೆ ಕೋಟು ಎತ್ತಿಕೊಂಡು ಒಳಗೆ ಹೋದ.

ಸಂಜೆ ಪೋಸ್ಟ್‌ಮ್ಯಾನ್ ಮಾವನ ಮನೆಗೆ ಹೋದೆ. ಮೆಟ್ಟಿಲ ಮೇಲೆ ಕೂತು ಚೀಲದ ಪಟ್ಟಿ ಹೊಲಿಯುತ್ತಿದ್ದ. ಎಂಥ ಹೊಲಿಗೆ ಅಂತೀಯಾ, ಕೋಳಿ ಕೆದರಿದ ಹಾಗೆ. ಅದನ್ನು ಕಿತ್ತುಕೊಂಡು ಹೊಲಿಯುತ್ತಾ ಕ್ಷಮೆ ಕೇಳಿದೆ, ಎದುರು ನೋಡಿ ಕೇಳುವ ಧೈರ್ಯ ಎಲ್ಲಿತ್ತು? ಅವನು ಹೇಳಿದ, "ಬಿಡಮ್ಮಾ. ಹೆಂಡ್ತಿ ಹೋದ್ಮೇಲೆ ನಮ್ಮನೇಗೆ ಬಂದು ಹೇಗಿದ್ದೀಯಾ ಅಂತ ಕೇಳಿದೋರು ಅವರೇ ಮೊದಲು. ನನ್ ಮಗಳ ವಿಷ್ಯ ಮಾತ್ರ ಸರಿಮಾಡು." ಅವರು ಮಾಡಿದ ಪ್ರಾರ್ಥನೆಯೆಲ್ಲ ದಂಡವಾಯಿತಲ್ಲ ಎಂದು ನಾನು ಅತ್ತೆ. ಅದಕ್ಕವನು, "ವಿಳಾಸ ತಪ್ಪು ಬರೆದಿರೋ ಕಾಗದ ದಿನಾ ಬರುತ್ತೆ. ಬೀದಿ ಗೊತ್ತಿರೋನಿಗೆ ಅದೇನು ಕಷ್ಟ, ತಲುಪಿಸ್ತೀವಿ" ಅಂದ. ಆಗ ನಿನ್ನ ಡಿಸೆಂಬರ್ ಪತ್ರ ನೆನಪಾಯಿತು. ಭಾನುವಾರ ಬೆಳಗ್ಗೆ ಮಾತ್ರ ಯಾಕೋ ಎದೆ ಹಗುರವಾಗುತ್ತದೆ ಎಂದು ಬರೆದಿದ್ದೆಯಲ್ಲ ಕಂದಾ.

ಮೊನ್ನೆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತೆ. ಪಕ್ಕದ ಮನೆಯ ಹುಡುಗಿ ಎಂದೂ ಜೈಲಿಗೆ ಹೋಗಿಲ್ಲ, ಹೋಗಿರುವುದು ನನ್ನ ಮೊಮ್ಮಗಳು, ಹತ್ತು ತಿಂಗಳು ನಿಮಗೂ ದೇವರಿಗೂ ಸುಳ್ಳು ಹೇಳಿದೆ ಎಂದೆ. ಕನ್ನಡಕದಮ್ಮ ಕೂತಲ್ಲಿಂದಲೇ, "ಇಷ್ಟು ದಿನ ನಮ್ಮ ಮಂಡಿ ಸವೆಸಿದೆಯಲ್ಲಾ!" ಎಂದಳು. ಸರಿಯಾಗಿಯೇ ಅಂದಳು, ಈಗಲೂ ನನ್ನನ್ನು ಮಾತಾಡಿಸುತ್ತಿಲ್ಲ. ಪಾಸ್ಟರ್, ಇವತ್ತು ಹೆಸರು ಹಿಡಿದೇ ಪ್ರಾರ್ಥಿಸೋಣ, ಹುಡುಗಿಯ ಹೆಸರೇನಮ್ಮಾ ಎಂದು ಕೇಳಿದರು. ಶಾಲೆಯ ರಿಜಿಸ್ಟರಿನಲ್ಲಿರುವ ನಿನ್ನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದೆ. ನಿನಗೆ ಬ್ಯಾಪ್ಟಿಸಂ ಆದ ದಿನ ಹೇಳಿದ ಮೇಲೆ ಆ ಚರ್ಚಿನಲ್ಲಿ ಅಷ್ಟು ಗಟ್ಟಿಯಾಗಿ ಅದನ್ನು ಹೇಳಿದ್ದು ಇದೇ. ಕನ್ನಡಕದಮ್ಮ ಸಿಟ್ಟಿನಲ್ಲೇ ಮಂಡಿಯೂರಿದಳು. ಸೋಮವಾರ ಶಿಶುವಿಹಾರದವರು ಪೋಸ್ಟ್‌ಮ್ಯಾನ್ ಮಾವನ ಮನೆಗೆ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡು, ಅವಳನ್ನು ಕೆಲಸಕ್ಕೆ ಕರೆದಿದ್ದಾರೆ. ಹೋಗಲೋ ಬೇಡವೋ ಎಂದು ಅವಳಿನ್ನೂ ಯೋಚಿಸುತ್ತಿದ್ದಾಳೆ. ಯೋಚಿಸಲಿ, ಅವಳ ಜಾಗದಲ್ಲಿ ನಾನಿದ್ದರೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಿದ್ದೆ.

ನೀನು ಎರಡು ದಿನ ಅಡಗಿದ್ದೆ, ಮೂರನೆಯ ದಿನ ನಿನ್ನ ಕಾಲ ಮೇಲೆ ನೀನೇ ಪೊಲೀಸ್ ಠಾಣೆಗೆ ನಡೆದುಹೋಗಿ ಒಪ್ಪಿಕೊಂಡೆ. ಅವತ್ತು ನಿನ್ನ ಮೇಲೆ ಎಷ್ಟು ರೇಗಿದೆ ನಾನು, ಮನೆತನದ ಮಾನ ಕಳೆದೆ ಎಂದೆ. ಅರವತ್ತೆಂಟು ವರ್ಷ ಪ್ರಾರ್ಥನೆ ಮಾಡಿಕೊಂಡು ಬಂದವಳಿಗೆ ಅಷ್ಟು ಮಾಡಲು ಹತ್ತು ತಿಂಗಳು ಹಿಡಿಯಿತು. ನಾಚಿಕೆಯಾಗುತ್ತದೆ ಮಗಳೇ. ನಿನ್ನೆ ಮತ್ತೆ ಮಂಚದ ಪಕ್ಕ ಮಂಡಿಯೂರಿದೆ. ದೊಡ್ಡ ಮಾತೇನೂ ಬರಲಿಲ್ಲ, "ಕರ್ತನೇ, ನಾನೇ, ಗುಬ್ಬಿಯ ಅಜ್ಜಿ" ಎಂದೆ. ಅಷ್ಟಕ್ಕೇ ಅಳು ಬಂತು. ಬಹಳ ಹೊತ್ತು ಅವನ ಹತ್ತಿರವೇ ಕೂತಿದ್ದೆ, ಏಳುವ ಮನಸ್ಸೇ ಆಗಲಿಲ್ಲ.

ಡಾಕ್ಟರ್ ಔಷಧಿ ಕೊಟ್ಟರೆ ತಪ್ಪಿಸಬೇಡ. ನಿನ್ನ ಕೋಣೆಯ ಜೊತೆಗಾತಿಗೆ ನನ್ನ ನೆನಪು ಹೇಳು. ಸೈಕಲ್ಲಿನವನು ಈಗ ಕೋಲು ಹಿಡಿದು ನಡೆಯುತ್ತಿದ್ದಾನಂತೆ, ಅವನನ್ನು ಪ್ರಾರ್ಥನೆಯಲ್ಲಿ ಮರೆಯಬೇಡ, ನಾನೂ ಮರೆಯುವುದಿಲ್ಲ. ಯೇಸು ನಿನ್ನ ಪಕ್ಕದಲ್ಲೇ ಇರಲಿ, ನಿದ್ದೆಯಲ್ಲೂ ನಿನ್ನ ಕೈ ಬಿಡದಿರಲಿ.

ನಿನ್ನ ತಲೆ ಸವರುತ್ತಾ,
ಕಾಜಾ ಅಜ್ಜಿ

ತಾ.ಕ.: ಪೋಸ್ಟ್‌ಮ್ಯಾನ್ ಮಾವ ಚೀಲ ಹೊತ್ತು ಬಾಗಿಲಲ್ಲಿ ನಿಂತು "ಆಯ್ತಾಮ್ಮಾ, ಆಯ್ತಾ" ಅನ್ನುತ್ತಿದ್ದಾನೆ. ನೀನು ಕೇಳಿದ್ದಕ್ಕೆ ಉತ್ತರ ಕೊಡದೆಯೇ ಲಕೋಟೆ ಅಂಟಿಸಲು ಹೊರಟಿದ್ದೆ, ನೋಡು ನನ್ನ ಬುದ್ಧಿ. ಅವತ್ತು ಗೇಟಿಗೆ ಬಂದದ್ದು ಅವನಲ್ಲ, ನಾನು. ಮಂಡಿನೋವಿಗೆ ಬರಲಾಗುತ್ತಿಲ್ಲ ಎಂದು ಬರೆದದ್ದೆಲ್ಲ ಸುಳ್ಳು. ತುಂಬಲು ಚೀಟಿ ಕೊಟ್ಟರು, ಸಾಲಿನಲ್ಲಿ ಹಿಂದೆ ಯಾರೋ ಪರಿಚಯದವರಿದ್ದ ಹಾಗೆ ಕಂಡಿತು, ಸಂಬಂಧ ಎಂದು ಇದ್ದ ಕಡೆ "ಪಕ್ಕದ ಮನೆಯವರು" ಎಂದು ಬರೆದೆ. ನೀನು ಗೋಡೆಯ ಆಚೆಗೇ ಇದ್ದೆ. ಈ ಶನಿವಾರ ಬರುತ್ತೇನೆ, ಅಜ್ಜಿ ಎಂದು ಬರೆಯುತ್ತೇನೆ. ನಿನಗೆ ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ಬರಬೇಡ, ಗೇಟು ಮುಚ್ಚುವ ತನಕ ಬೆಂಚಿನ ಮೇಲೆ ಕೂತಿದ್ದು, ಮುಂದಿನ ಶನಿವಾರ ಮತ್ತೆ ಬರುತ್ತೇನೆ.