ನೋವು ಅಂದವನ ಜಾಗ

ಮಾರ್ಚ್ ೩

ಆರಡಿ ದಾಟಿದ ನಮ್ಮ ಏಣಿಗೆ ದೊಡ್ಡಪ್ಪನ ಆಶೀರ್ವಾದ.

ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿನ್ನ ಹೆಂಡತಿ. "ನೀವೇ ಬರೀಬೇಕು ಮಾವ, ನನ್ನಿಂದಾಗಲ್ಲ" ಅಂದಳು. ಟಯರಿಗೆ ಪ್ಯಾಚು ಹಾಕು ಅಂದರೆ ಹಾಕಿಯೇನು, ಇದು ನನಗೆ ಹಿಂಸೆ. ಫೋನು ಮಾಡಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ "ಪ್ರಾಕ್ಟೀಸ್ ಇದೆ ದೊಡ್ಡಪ್ಪ" ಎಂದು ಇಟ್ಟುಬಿಡುತ್ತೀಯ. ಹೋದ ವಾರವೇ ಬರೆಯಬೇಕಿತ್ತು, ತಡವಾಯಿತು.

ಶನಿವಾರದ ನಿನ್ನ ಬಾಸ್ಕೆಟ್‌ಬಾಲ್ ಆಟವನ್ನು ಪಕ್ಕದ ಚಹಾದಂಗಡಿಯ ಟೀವಿಯಲ್ಲಿ ನೋಡಿದೆ. ನೀನು ಇಬ್ಬರು ದೈತ್ಯರ ನಡುವೆ ನುಗ್ಗಿ, ಹಾರಿ, ಚೆಂಡನ್ನು ಬುಟ್ಟಿಗೆ ಹಾಕಿದೆ. ಎಲ್ಲರೂ ಸಿಳ್ಳೆ ಹೊಡೆದರು. ಎರಡು ಕಾಲಿನಲ್ಲಿ ಮೇಲೆ ಹೋದವನು ಒಂದೇ ಕಾಲಿನ ಮೇಲೆ ಕೆಳಗಿಳಿದದ್ದನ್ನು ನಾನು ನೋಡಿದೆ. "ನಿಮ್ಮ ಹುಡುಗನದು ಗಂಡೆದೆ" ಅಂದ ಅಂಗಡಿಯವನು. "ಎದೆ ಇದೆಯಪ್ಪ, ಮಂಡಿ ಎಲ್ಲಿದೆ?" ಅಂದೆ.

ಒಂದೇ ಸಲ ಎಂದು ಶುರುಮಾಡಿದ, ಮಂಡಿನೋವು ಮರಗಟ್ಟಿಸುವ ಸೂಜಿ ಈಗ ಪ್ರತಿ ಆಟಕ್ಕೂ ಬೇಕಂತೆ. ನಿಮ್ಮ ತಂಡದಲ್ಲಿ ನೋವು ಅಂದವನು ಬೆಂಚಿನ ತುದಿಯಲ್ಲಿ, ನೀರಿನ ಕ್ಯಾನಿನ ಪಕ್ಕ ಕೂರಬೇಕು, ಅಲ್ಲಿ ಕೂತವನನ್ನು ಮತ್ತೆ ಒಳಕ್ಕೆ ಕರೆಯುವುದಿಲ್ಲ ಎಂದು ನೀನೇ ಊಟಕ್ಕೆ ಕೂತಾಗ ನಗುತ್ತ ಹೇಳಿದ್ದೆ. "ಅದಕ್ಕೇ ನಾನು ಬಾಯಿ ಬಿಡಲ್ಲ" ಎಂದೂ ಅಂದೆ ನೀನು. ಭಾರಿ ಸಾಧನೆ. ನಿನ್ನ ಮಗಳು ಎದುರಿಗೇ ಕೂತಿದ್ದಳು.

ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಈ ತಿಂಗಳ ಆಟಗಳಲ್ಲಿ ತೀರ್ಮಾನ, ಗೊತ್ತು. ನಿನ್ನ ಫಾರ್ವರ್ಡ್ ಜಾಗಕ್ಕೆ ಮೀಸೆ ಚಿಗುರದವರು ಸಾಲುಗಟ್ಟಿದ್ದಾರೆ, ಅದೂ ಗೊತ್ತು. ಹೋದರೆ ಹೋಗಲಿ, ಬಿಟ್ಟು ಬಾ. ನನ್ನ ಪಂಕ್ಚರ್ ಅಂಗಡಿಯ ಮಾಡಿನ ಶೀಟು ನಿನ್ನ ತಲೆಗೆ ತಾಗುತ್ತದೆ, ಬಗ್ಗಿ ಕೆಲಸ ಮಾಡು.

ಏಣಿಯ ಮಗಳು ಸ್ಟೂಲು, "ನಾನು ಚೆನ್ನಾಗಿದ್ದೀನಿ ಅಂತ ಬರೀರಿ ತಾತ" ಅಂದಳು. ಬರೆದಿದ್ದೇನೆ.

ದೇವರು ನಿನ್ನ ಮಂಡಿಯನ್ನೂ ತಲೆಯನ್ನೂ ಕಾಯಲಿ, ತಲೆಯನ್ನು ಮೊದಲು.

ನಿನ್ನ ದೊಡ್ಡಪ್ಪ

ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ನಿನಗೆ ಹೇಳುವುದಿಲ್ಲವೆಂದು ನಿನ್ನ ಹೆಂಡತಿ ಮಗಳಿಗೆ ಮಾತು ಕೊಟ್ಟಿದ್ದಾಳೆ. ನಾನು ಕೊಟ್ಟಿಲ್ಲ. ಸ್ಟೂಲು ಶಾಲೆಯ ಟೀಮಿನಲ್ಲಿ ಆಡುವಾಗ ಬಿದ್ದಿದ್ದಾಳೆ. ಯಾರಿಗೂ ಹೇಳದೆ, ಸಾಕ್ಸಿನೊಳಗೆ ಬಟ್ಟೆ ಬಿಗಿದುಕೊಂಡು ತಿಂಗಳುಗಟ್ಟಲೆ ಆಡಿದ್ದಾಳೆ. ಹೋದ ವಾರ ಮೆಟ್ಟಿಲ ಮೇಲೆ ಕುಸಿದಳು. ಹಿಮ್ಮಡಿಯ ಮೇಲಿನ ಮೂಳೆ ಮುರಿದು, ರಕ್ತ ಹರಿಯದೆ ಒಳಗೇ ಸತ್ತಿದೆ, ಕೀಲು ಬೆಸೆಯಬೇಕು, ನಡೆಯುತ್ತಾಳೆ, ಇನ್ನು ಓಡುವುದಿಲ್ಲ ಎಂದರು ಡಾಕ್ಟರು. ಯಾಕೆ ಹೇಳಲಿಲ್ಲ ಎಂದು ಬೈದೆ. "ಹೇಳಿದ್ರೆ ಕೂರಿಸ್ತಾರಲ್ಲ ತಾತ. ಅಪ್ಪ ಹೇಳ್ತಾರಾ?" ಅಂದಳು.

ಆಪರೇಷನ್ ಹದಿನಾರಕ್ಕೆ. ಅವತ್ತೇ ನಿನ್ನ ಆಟ. ಯಾವುದಕ್ಕೆ ಬರುತ್ತೀಯ, ಹತ್ತನೇ ತಾರೀಕಿನೊಳಗೆ ತಿಳಿಸು.