ಅವರೆ ಕಾಲಕ್ಕೆ ಇಟ್ಟ ದಿನ

ಅಣ್ಣಾ,

ಭಾನುವಾರ ನಿನ್ನ ವರ್ಷದ ತಿಥಿಗೆ ನಾನು ಬರಲಿಲ್ಲ. ಅದೇ ದಿನ ನಮ್ಮ ಗುಂಪಿನ ಸಹಾಯಾರ್ಥ ಊಟ ಇತ್ತು. ಹದಿನೈದು ದಿನ ಮುಂಚೆಯೇ ನಿನ್ನ ಮಗ ಮಂಜು ಫೋನ್ ಮಾಡಿದ್ದ. ಊಟವನ್ನು ಒಂದು ವಾರ ಮುಂದಕ್ಕೆ ಹಾಕಲು ಆಗುತ್ತದಾ ಅತ್ತೆ ಎಂದು ಕೇಳಿದ. ಆಗಲ್ಲ ಅಂದೆ. ಅಪ್ಪನ ಮೊದಲನೇ ವರ್ಷ ಅಲ್ಲವಾ ಅಂದ. ಹೌದು, ಆದರೂ ಆಗಲ್ಲ ಅಂದೆ. ಶಿಡ್ಲಘಟ್ಟದ ನಂಟರೆಲ್ಲ ಈಗ ನನ್ನದು ಕಲ್ಲುಮನಸ್ಸು ಅಂತಿದ್ದಾರಂತೆ. ಅನ್ನಲಿ. ಅವರಿಗೆ ಕಾರಣ ಹೇಳುತ್ತಾ ಕೂರಲು ನನಗೆ ಇಷ್ಟವಿಲ್ಲ. ನಿನಗೆ ಹೇಳುವುದಿದೆ. ಬದುಕಿದ್ದಾಗ ಪೂರ್ತಿ ಕೇಳಿಸಿಕೊಳ್ಳದೆ ಎದ್ದು ಹೋದವನು ನೀನು. ಈಗ ಎಲ್ಲಿಗೆ ಎದ್ದು ಹೋಗುತ್ತೀಯ?

ಮೂರು ವರ್ಷದ ಹಿಂದೆ ಯುಗಾದಿಗೆ ನಮ್ಮ ಮನೆಗೆ ಬಂದವನು ಎರಡು ದಿನ ಉಳಿದೆಯಲ್ಲ, ಆ ಬುಧವಾರ ನೆನಪಿದೆಯಾ? ಬೆಳಿಗ್ಗೆ ಆರಕ್ಕೆ ನಮ್ಮ ಜೊತೆ ದಿಬ್ಬೂರಹಳ್ಳಿ ಬಸ್ ಸ್ಟಾಪಿಗೆ ಬಂದೆ. ನಮ್ಮನೆಯವರೂ ಸೇರಿ ನಾಲ್ಕು ಜನ ಡಯಾಲಿಸಿಸ್ ರೋಗಿಗಳು ಅಲ್ಲಿ ನಿಂತಿದ್ದರು. ವಾರಕ್ಕೆ ಮೂರು ಸಲ ಶಿಡ್ಲಘಟ್ಟಕ್ಕೆ ಒಂದು ಬಸ್ಸು, ಅಲ್ಲಿಂದ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಇನ್ನೊಂದು. ವಾಪಸ್ ಬರುವಾಗ ನಮ್ಮನೆಯವರಿಗೆ ತಲೆ ತಿರುಗಿ ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನ ನೆಲದ ಮೇಲೆಯೇ ಕೂತುಬಿಟ್ಟರು. ಅವರ ಹಣೆ ಹಿಡಿದುಕೊಂಡಿದ್ದು ವೆಂಕಟಲಕ್ಷ್ಮಿ. ನಾಲ್ವರಲ್ಲಿ ಚಿಕ್ಕವಳು, ಮೂವತ್ತೂ ತುಂಬಿರಲಿಲ್ಲ. ಅವಳ ತೋಳಿಗೂ ಆಗ ತಾನೇ ಸೂಜಿ ತೆಗೆದು ಪಟ್ಟಿ ಕಟ್ಟಿದ್ದರು. ನೀನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಆ ಕಣ್ಣೀರು ನಾಟಕ ಅಂತ ನಾನು ಯಾವತ್ತೂ ಹೇಳಿಲ್ಲ. ನಾಟಕವಾಗಿದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿತ್ತಾ?

ಮುಂದಿನ ಭಾನುವಾರ ನಾನು ಕೆಲಸ ಮಾಡುವ ಅಂಗನವಾಡಿಯ ಜಗಲಿಯಲ್ಲಿ ಸಭೆ ಸೇರಿಸಿದೆ ನೀನು. ರೋಗಿಗಳ ಮನೆಯವರು, ಬೀದಿಯ ಹೆಂಗಸರು, ಒಂದಿಪ್ಪತ್ತು ಜನ. ಮೂವತ್ತು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವನು ಎದುರಿಗಿರುವಾಗ ಗುಂಪಿಗೆ ಅಧ್ಯಕ್ಷರು ಯಾರು ಅನ್ನುವ ಮಾತೇ ಬರಲಿಲ್ಲ. ಆಸ್ಪತ್ರೆಗೆ ಹೋಗಿಬರಲು ನಮ್ಮದೇ ಒಂದು ವ್ಯಾನ್ ಬೇಕು, ಅದಕ್ಕೆ ಕೂಪನ್ ಮಾರಿ ಒಂದು ಊಟ ಹಾಕಬೇಕು ಎಂದು ತೀರ್ಮಾನವಾಯಿತು. ಮುಂದಿನ ತಿಂಗಳೇ ಮಾಡಿಬಿಡೋಣ ಅಂದಳು ಪಕ್ಕದ ಮನೆ ಪಿಳ್ಳಮ್ಮ. ನೀನು ನಕ್ಕೆ.

"ಅವಸರ ಬೇಡ ಕಣಮ್ಮ. ಅನ್ನ ಸಾರು ಎಲ್ಲಾ ಕಡೆ ಸಿಗುತ್ತೆ, ಅದಕ್ಕೆ ಯಾರು ಬರ್ತಾರೆ? ಅವರೆ ಕಾಲಕ್ಕೆ ಹಾಕಣ. ಸಂಕ್ರಾಂತಿ ಆದ ಭಾನುವಾರ, ಹಿದುಕಿದ ಬೇಳೆ ಸಾರು, ರಾಗಿ ಮುದ್ದೆ. ಬೀಜ ಬಿತ್ತೋದ್ರಿಂದ ಹಿಡಿದು ಎಲ್ಲಾ ನಾವೇ ಮಾಡಣ."

ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾವ ತಿಂಗಳು ಯಾರು ಏನು ಮಾಡಬೇಕು ಎಂದು ನೀನೇ ಬರೆದೆ. ಸಂಕ್ರಾಂತಿ ಆದಮೇಲೆ ಮದುವೆಗಳು ಶುರುವಾಗುತ್ತವೆ, ಚಿಕ್ಕಬಳ್ಳಾಪುರದ ಛತ್ರ ಈಗಲೇ ಹಿಡಿಯಬೇಕು ಅಂದೆ. ಬೇಳೆ ಹಿದುಕಲು ಎಷ್ಟು ಕೈ ಬೇಕು, ಮುದ್ದೆ ತಿರುವುವವರು ಯಾರು, ಎಲ್ಲ ಹತ್ತು ತಿಂಗಳು ಮುಂಚೆಯೇ ನಿನ್ನ ತಲೆಯಲ್ಲಿತ್ತು. ನಿನಗೆ ಯೋಜನೆ ಮಾಡಲು ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ಹೋಗುತ್ತೇನೆ. ಚೆನ್ನಾಗಿ ಬರುತ್ತಿತ್ತು. ಅಷ್ಟು ಬರುತ್ತಿದ್ದವನು...

ಆಷಾಢದ ಮೊದಲ ಹದಮಳೆಗೆ ಪಿಳ್ಳಮ್ಮನ ಹೊಲದಲ್ಲಿ ರಾಗಿ ಸಾಲುಗಳ ನಡುವೆ ಅವರೆ ಹಾಕಿದೆವು. ವೆಂಕಟಲಕ್ಷ್ಮಿ ಬಗ್ಗಬಾರದು ಅಂದರೂ ಕೇಳದೆ ಒಂದು ಸಾಲು ತಾನೇ ಹಾಕಿದಳು. ದಸರಾ ಕಳೆದ ಮೇಲೆ ಕೂಪನ್ ಹಿಡಿದು ನಾನು ಸುತ್ತದ ಬೀದಿ ಇಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಗಳು, ಚಿಕ್ಕಬಳ್ಳಾಪುರದ ಆಫೀಸುಗಳು, ಚಿಂತಾಮಣಿ ಕಡೆಯ ತೆಲುಗು ಮಾತಾಡುವ ಹಳ್ಳಿಗಳು. ಅಲ್ಲಿ ಒಬ್ಬ ಅಜ್ಜಿ ತನಗೂ ಸೊಸೆಗೂ ಎಂದು ಎರಡು ಕೂಪನ್ ತೆಗೆದುಕೊಂಡು, ದಿನ ಮರೆತುಹೋದೀತು ಎಂದು ದೇವರ ಫೋಟೋ ಹಿಂದೆ ಸಿಕ್ಕಿಸಿದಳು. ಪ್ರತಿಯೊಬ್ಬರಿಗೂ ನಾನು ಹೇಳಿದ್ದು ಒಂದೇ ಮಾತು: ದಿನ ಗಟ್ಟಿ, ನಮ್ಮಣ್ಣ ಇಟ್ಟಿದ್ದು.

ಡಿಸೆಂಬರ್ ಮೊದಲ ವಾರ, ಹೊಲದ ತುಂಬ ಅವರೆ ಹೂವು ಇದ್ದಾಗ, ನಿನ್ನ ವಾಟ್ಸಾಪ್ ಮೆಸೇಜು ಬಂತು. ಊಟವನ್ನು ಫೆಬ್ರವರಿ ಕೊನೆಗೆ ಹಾಕಿದೆ, ಆವತ್ತು ನಮ್ಮ ಕ್ಷೇತ್ರದ ನಾಯಕರ ಹುಟ್ಟುಹಬ್ಬ, ಎಲ್ಲರೂ ಸಹಕರಿಸಬೇಕು. ಅಷ್ಟೇ. ಗುಂಪಿನಲ್ಲಿ ಒಬ್ಬರನ್ನೂ ಕೇಳಲಿಲ್ಲ. ನಾನು ಅಂಗನವಾಡಿ ಬಾಗಿಲು ಹಾಕಿ ನೇರ ಶಿಡ್ಲಘಟ್ಟಕ್ಕೆ ಬಂದೆ. ಜಗಲಿಯಲ್ಲಿ ನಿನ್ನ ಸ್ನೇಹಿತರು ಮೂರು ಜನ ಕಾಫಿ ಕುಡಿಯುತ್ತಾ ಕೂತಿದ್ದರು. ಫೆಬ್ರವರಿ ಕೊನೆಗೆ ಹಸಿ ಅವರೆ ಎಲ್ಲಿರುತ್ತದೆ, ಕಾಯೆಲ್ಲ ಒಣಗಿರುತ್ತದಲ್ಲ ಎಂದು ಕೇಳಿದೆ. ಕೂಪನ್ ಮೇಲೆ ಜನವರಿಯ ದಿನ ಅಚ್ಚಾಗಿದೆಯಲ್ಲ ಎಂದು ಕೇಳಿದೆ.

"ಊಟ ಬರೀ ನೆಪ ಕಣಮ್ಮ. ಅವರು ಸ್ಟೇಜ್ ಮೇಲೇ ಹೊಸ ವ್ಯಾನ್ ಕೊಡ್ತೀನಿ ಅಂದಿದ್ದಾರೆ. ದೊಡ್ಡವರ ಜೊತೆ ಹೆಂಗೆ ವ್ಯವಹಾರ ಮಾಡ್ಬೇಕು ಅಂತ ನಿಂಗೊತ್ತಿಲ್ಲ. ಮಕ್ಕಳಿಗೆ ಉಪ್ಪಿಟ್ಟು ಹಾಕೋಳು ನೀನು, ಸುಮ್ನಿರು."

ಆ ಮೂವರೂ ನಕ್ಕರು. ನೀನೂ ನಕ್ಕೆ. ಅತ್ತಿಗೆ ಒಳಗಿನಿಂದ ತಂದ ಕಾಫಿಯನ್ನು ಮುಟ್ಟದೆ ನಾನು ಎದ್ದು ಬಂದೆ. ಆಮೇಲೆ ಅದೇ ಬೀದಿಗಳಲ್ಲಿ ಮನೆಮನೆಗೆ ಹೋಗಿ ದಿನ ಬದಲಾಗಿದೆ ಎಂದು ಹೇಳಿಕೊಂಡು ತಿರುಗಿದ್ದು ಯಾರು? ನೀನಾ?

ಆ ದಿನ ಬೆಳಿಗ್ಗೆ ಛತ್ರದ ಬಾಗಿಲಿಗೆ ಬಂದು ನಿಂತಾಗ ಮೊದಲು ಹುಡುಕಿದ್ದು ನಮ್ಮ ಗುಂಪಿನ ಹೆಸರಿದ್ದ ಬಟ್ಟೆ ಬ್ಯಾನರು. ಅದರ ಮೇಲೆಯೇ ನಾಯಕರ ಫ್ಲೆಕ್ಸ್ ಕಟ್ಟಿದ್ದರು. ನಮ್ಮ ಹೆಂಗಸರನ್ನು ಅಡುಗೆಮನೆಗೆ ಬಿಡಲಿಲ್ಲ. ನೀನು ಕರೆಸಿದ್ದ ಅಡುಗೆಯವರು ಪಲಾವ್ ಬೇಯಿಸುತ್ತಿದ್ದರು. ನಾಯಕರು ಬರುವವರೆಗೆ ಎಲೆ ಹಾಕುವಂತಿಲ್ಲ ಎಂದು ನೀನು ಹೇಳಿದೆ. ಅವರು ಬಂದಿದ್ದು ಮೂರೂವರೆಗೆ. ಅವರ ಹಿಂದೆ ಬಂದವರು ಮೊದಲ ಪಂಕ್ತಿಗೂ ಎರಡನೇ ಪಂಕ್ತಿಗೂ ಕೂತರು, ಮೂರನೆಯದಕ್ಕೆ ಪಾತ್ರೆ ಬರಿದು. ಚಿಂತಾಮಣಿಯ ಅಜ್ಜಿ ಕೂಪನ್ ಹಿಡಿದುಕೊಂಡೇ ಕಂಬಕ್ಕೆ ಒರಗಿ ನಿಂತಿದ್ದಳು. "ಪಿಲಿಚಿ ಇಟ್ಲಾ ಪಂಪಿಸ್ತಾರಾಮ್ಮಾ" ಎಂದು ನನ್ನನ್ನು ಕೇಳಿದಳು. ಕರೆದು ಹೀಗೆ ಕಳಿಸುತ್ತಾರಾ ಎಂದು. ನಾನು ಏನು ಹೇಳಬೇಕಿತ್ತು? ನೀನು ಸ್ಟೇಜಿನ ಮೇಲಿದ್ದೆ. ತಲೆಗೆ ಪೇಟ, ಕೊರಳಿಗೆ ಏಲಕ್ಕಿ ಹಾರ. ವ್ಯಾನ್ ಕೊಡುವ ಮಾತನ್ನು ನಾಯಕರು ಮೈಕಿನಲ್ಲಿ ಹೇಳಿದರು, ನೀನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ವ್ಯಾನ್ ಬರಲಿಲ್ಲ. ಮೊದಲು ಚುನಾವಣೆ ಕಳೆಯಲಿ ಅಂದರು, ಆಮೇಲೆ ಆಷಾಢ ಕಳೆಯಲಿ ಅಂದರು. ಕೂಪನ್ನಿಂದ ಬಂದದ್ದು ಸ್ಟೇಜಿಗೆ, ಫ್ಲೆಕ್ಸಿಗೆ, ಎರಡನೇ ಸಲ ಹಿಡಿದ ಛತ್ರಕ್ಕೆ ಹೋಯಿತು. ನೀನು ನಮ್ಮೂರ ಕಡೆ ಬರುವುದನ್ನೇ ಬಿಟ್ಟೆ.

ಗಣೇಶನ ಹಬ್ಬದ ಹಿಂದಿನ ಬುಧವಾರ ಸುರಿದ ಮಳೆ ನಿನಗೂ ಗೊತ್ತಿರಬೇಕು. ವೆಂಕಟಲಕ್ಷ್ಮಿಗೆ ಜ್ವರ ಬಂದಿತ್ತು. ಈ ಮಳೆಯಲ್ಲಿ ಎರಡು ಬಸ್ಸು ಹತ್ತಿ ಇಳಿಯಲು ಆಗಲ್ಲ ಅಕ್ಕ, ಶುಕ್ರವಾರ ಬರ್ತೀನಿ ಎಂದು ಹೇಳಿ ಕಳಿಸಿದಳು. ಗುರುವಾರ ಸಂಜೆಯೊಳಗೆ ಉಸಿರಾಡಲು ಆಗದೆ ಹೋಗಿಬಿಟ್ಟಳು. ವ್ಯಾನ್ ಇದ್ದಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳಲಾರೆ, ನಾನು ಡಾಕ್ಟರಲ್ಲ. ವ್ಯಾನ್ ಇದ್ದಿದ್ದರೆ ಆ ಬುಧವಾರ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಅಷ್ಟನ್ನು ಮಾತ್ರ ಹೇಳಬಲ್ಲೆ. ಅವಳ ಮಣ್ಣಿಗೆ ನೀನು ಹಾರ ಹಿಡಿದು ಬಂದೆ. ಎಲ್ಲರೆದುರಿಗೆ ನಾನು ಕೇಳಿದೆ.

"ವ್ಯಾನ್ ಎಲ್ಲಣ್ಣ?"

ನೀನು ಹಾರ ಇಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದೆ. ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದು. ಜನವರಿಯಲ್ಲಿ ಒಂದು ಬೆಳಿಗ್ಗೆ ಮಂಜು ಫೋನ್ ಮಾಡಿ, ಅಪ್ಪ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದುಬಿದ್ದರು ಅಂದ. ನಾನು ಬಂದೆ. ಅತ್ತಿದ್ದೂ ನಿಜ, ಸುಳ್ಳು ಹೇಳಲ್ಲ. ಆದರೆ ಅಳುವಾಗಲೂ, ಉತ್ತರ ಹೇಳದೆ ತಪ್ಪಿಸಿಕೊಂಡೆಯಲ್ಲ ಎಂದೇ ಅಳುತ್ತಿದ್ದೆ.

ಹನ್ನೊಂದನೇ ದಿನ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು ಒಂದು ವಿಷಯ ಹೇಳಿದರು. ಮಾರ್ಚಿನಿಂದ ನೀನು ವಾರಕ್ಕೊಮ್ಮೆ ನಾಯಕರ ಮನೆಗೆ ಹೋಗುತ್ತಿದ್ದೆಯಂತೆ. ಗೇಟಿನ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು, ಅವರು ಸಿಗದೆ, ಬಂದು ಊಟವನ್ನೂ ಮಾಡದೆ ಮಲಗುತ್ತಿದ್ದೆಯಂತೆ. ವೆಂಕಟಲಕ್ಷ್ಮಿ ಹೋದಮೇಲೆ ವಾರಕ್ಕೆ ಎರಡು ಸಲ. ಇದನ್ನು ಕೇಳಿ ನನ್ನ ಮನಸ್ಸು ಕರಗುತ್ತದೆ ಎಂದುಕೊಂಡಿದ್ದರು ಅತ್ತಿಗೆ. ನನಗೆ ಮೈ ಉರಿಯಿತು. ಹತ್ತು ತಿಂಗಳು ಒಬ್ಬನೇ ಹೋಗಿ ಕೂತೆಯಾ? ದಿಬ್ಬೂರಹಳ್ಳಿಗೆ ಬಂದು, ಮೋಸ ಹೋದೆ ಕಣಮ್ಮ, ಏನು ಮಾಡಣ ಎಂದು ಒಂದು ಮಾತು ಕೇಳಲು ನಾಲಿಗೆ ಬರಲಿಲ್ಲವಾ? ನಾವು ಇಪ್ಪತ್ತು ಹೆಂಗಸರು ಬಂದು ಆ ಗೇಟಿನ ಮುಂದೆ ಕೂರುತ್ತಿದ್ದೆವು. ಉಪ್ಪಿಟ್ಟು ಹಾಕುವವಳ ಮುಂದೆ ತಲೆ ತಗ್ಗಿಸುವುದಕ್ಕಿಂತ ಆ ಗೇಟಿನವನ ಮುಂದೆ ತಗ್ಗಿಸುವುದು ನಿನಗೆ ಸುಲಭವಾಯಿತು. ಇದನ್ನು ಹೇಗೆ ಕ್ಷಮಿಸಲಿ? ನೀನು ದುಡ್ಡು ತಿಂದವನಲ್ಲ. ತಿಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ.

ಹೋದ ಯುಗಾದಿಗೆ ಮತ್ತೆ ಸಭೆ ಸೇರಿದೆವು. ನೀನು ಕಲಿಸಿದ ಹಾಗೆಯೇ, ತಿಂಗಳು ತಿಂಗಳಿಗೆ ಬರೆದುಕೊಂಡು. ಒಂದು ಮಾತ್ರ ಸೇರಿಸಿದೆವು: ದಿನ ಬದಲಾಯಿಸಬೇಕಾದರೆ ಗುಂಪಿನ ಎಲ್ಲರೂ ಕೂತು ಒಪ್ಪಬೇಕು. ಪಿಳ್ಳಮ್ಮನ ಸೊಸೆ ರೂಪಾಳನ್ನು ಆಗಲೇ ಡ್ರೈವಿಂಗ್ ಕಲಿಯಲು ಹಾಕಿದೆವು. ಕೂಪನ್ ಮಾರಲು ಹೋದರೆ ಜನ ಬಾಗಿಲಲ್ಲೇ ನಿಲ್ಲಿಸಿ ಹಳೆಯದನ್ನೆಲ್ಲ ಎತ್ತಿ ಆಡಿದರು. ನಿನಗೆ ಸೇರಬೇಕಾದ ಮಾತುಗಳನ್ನೆಲ್ಲ ನಿಂತು ನಾನು ಕೇಳಿಸಿಕೊಂಡೆ. ಅವತ್ತು ಹಸಿದು ಹೋದವರಿಗೆ ಮೊದಲ ಪಂಕ್ತಿ, ಹಳೇ ಕೂಪನ್ನೇ ಸಾಕು ಎಂದು ಮಾತು ಕೊಟ್ಟೆವು. ಡಿಸೆಂಬರಿನೊಳಗೆ ಹೊಸ ಕೂಪನ್ನೆಲ್ಲ ಮುಗಿದವು. ಗೌರಿಬಿದನೂರಿನಲ್ಲಿ ಒಬ್ಬರು ಸ್ಕೂಲು ಮಕ್ಕಳಿಗೆ ಓಡಿಸುತ್ತಿದ್ದ ಹಳೇ ವ್ಯಾನ್ ಸಿಕ್ಕಿತು. ಊಟ ಹಾಕಿದ್ದು ಊರ ಹುಣಸೆ ತೋಪಿನಲ್ಲಿ. ಸ್ಟೇಜಿಲ್ಲ, ಮೈಕಿಲ್ಲ, ಹನ್ನೆರಡಕ್ಕೆ ಎಲೆ ಹಾಕಿದೆವು. ಚಿಂತಾಮಣಿಯ ಅಜ್ಜಿ ಬಂದು ಎರಡು ಮುದ್ದೆ ಉಂಡಳು, ಸೊಸೆಗೂ ಹಾಕಿಸಿದಳು. ನನ್ನನ್ನು ನೋಡಿ ನಗಲಿಲ್ಲ, ಬೈಯಲೂ ಇಲ್ಲ. ಅಷ್ಟಕ್ಕೇ ನನಗೆ ಸಾಕಾಯಿತು.

ವ್ಯಾನಿನ ಹಿಂದೆ ನಿನ್ನ ಹೆಸರು ಬರೆಸೋಣವಾ ಎಂದು ಪಿಳ್ಳಮ್ಮ ಕೇಳಿದಳು. ಬೇಡ ಅಂದೆ. ಯಾರ ಹೆಸರೂ ಬೇಡ ಎಂದಾಯಿತು.

ನಿನ್ನೆ ಸಂಜೆ ನಾಯಕರ ಪಿ.ಎ. ಫೋನ್ ಮಾಡಿದ್ದ. ವ್ಯಾನಿನ ವಿಷಯ ಸಾಹೇಬರ ಕಿವಿಗೆ ಬಿದ್ದಿದೆ, ಅವರೇ ಬಂದು ಹಸಿರು ಬಾವುಟ ತೋರಿಸುತ್ತಾರೆ, ಮುಂದಿನ ವಾರ ಒಂದು ದಿನ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಗಾಡಿ ಓಡಿಸಬೇಡಿ ಅಂದ. ಗಾಡಿ ಸೋಮವಾರ ಬೆಳಿಗ್ಗೆ ಆರಕ್ಕೇ ಮೂರು ಜನರನ್ನು ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂತು, ಈವತ್ತೂ ಹೋಗಿ ಬಂತು ಅಂದೆ. ಸಾಹೇಬರು ಬೇಜಾರು ಮಾಡ್ಕೋತಾರೆ ನೋಡಿ ಅಂದ. ಮಾಡಿಕೊಳ್ಳಲಿ ಎಂದು ಫೋನ್ ಇಟ್ಟೆ.

ನೀನಾಗಿದ್ದರೆ ಗಾಡಿಯನ್ನು ನಿಲ್ಲಿಸುತ್ತಿದ್ದೆ.

ಸುನಂದ